ನಂತೂರಿನಲ್ಲಿ ಹೋದ ಕೋಣ

ನಾನು ಶಾಲೆ ಬಿಟ್ಟದ್ದು ಏಳನೆಯ ತರಗತಿಯಲ್ಲಿ. ಬಿಟ್ಟೆ ಎಂದು ನಾನು ಹೇಳುವುದು. ಶಾಲೆಯವರನ್ನು ಕೇಳಿದರೆ ಬೇರೆ ಏನಾದರೂ ಹೇಳಿಯಾರು. ಅಲ್ಲಿಂದ ಮುಂದಿನ ನನ್ನ ವಿದ್ಯಾಭ್ಯಾಸವೆಲ್ಲ ಕಂಕನಾಡಿಯಲ್ಲಿ, ನನ್ನ ಸೋದರಮಾವನ ಸೋಡಾ ಫ್ಯಾಕ್ಟರಿಯ ಸೈಕಲಿನ ಮೇಲೆ ನಡೆಯಿತು. ಫ್ಯಾಕ್ಟರಿ ಎಂದ ಕೂಡಲೇ ಚಿಮಣಿ, ಸೈರನ್ನು ಎಂದೆಲ್ಲ ಎಣಿಸಬೇಡಿ. ಮನೆಯ ಹಿಂದೆ ಒಂದು ಹೆಂಚಿನ ಮಾಡು, ಅದರಡಿಯಲ್ಲಿ ಕೈಯಲ್ಲಿ ತಿರುಗಿಸುವ ಗ್ಯಾಸಿನ ಯಂತ್ರ, ಒಂದು ತೊಟ್ಟಿ ನೀರು, ಗೋಲಿ ಬಾಟ್ಲಿಗಳು. ಯಂತ್ರ ತಿರುಗಿಸುವವರು ಮಾವ. ಬಾಟ್ಲಿ ತೊಳೆಯುವವರು ಮಾಮಿ. ಪೆಟ್ಟಿಗೆಯನ್ನು ಸೈಕಲಿನ ಹಿಂದೆ ಕಟ್ಟಿಕೊಂಡು ಅಂಗಡಿ ಅಂಗಡಿಗೆ ಹಾಕಿ, ಖಾಲಿ ಬಾಟ್ಲಿ ಎತ್ತಿಕೊಂಡು ಬರುವವ ನಾನು.

ಈ ಕೆಲಸವನ್ನು ಸಣ್ಣದು ಎಂದು ತಿಳಿದವರು ಒಮ್ಮೆ ತುಂಬಿದ ಸೋಡಾ ಪೆಟ್ಟಿಗೆ ಕಟ್ಟಿಕೊಂಡು ಪಂಪ್‌ವೆಲ್‌ನಿಂದ ನಂತೂರಿನ ಏರು ಹತ್ತಿ ನೋಡಬೇಕು. ಬೇಗ ಹೋದರೆ ಬಾಟ್ಲಿಗೆ ಬಾಟ್ಲಿ ಬಡಿಯುತ್ತದೆ, ಬೇಸಿಗೆಯಲ್ಲಿ ಒಂದೆರಡು ಪಟಾಕಿಯ ಹಾಗೆ ಒಡೆಯುತ್ತವೆ. ನಿಧಾನ ಮಾಡಿದರೆ ಹಿಂದಿನ ಲಾರಿಯವನು ತುಳುವಿನಲ್ಲಿ ನಮ್ಮ ಇಡೀ ಕುಟುಂಬವನ್ನು ವಿಚಾರಿಸುತ್ತಾನೆ. ಹಾಗಾಗಿ ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಹದದಲ್ಲಿ ತುಳಿಯುತ್ತಿದ್ದೆ. ನನಗೆ ಚಡ್ಡಿ ಹೊಲಿಯುವ ದರ್ಜಿ ತೊಡೆಯ ಅಳತೆ ತೆಗೆದು, ಇದು ಸೊಂಟದ ಅಳತೆಯಾ ಎಂದು ಇನ್ನೊಮ್ಮೆ ಕೇಳುತ್ತಿದ್ದ. ಆ ಪ್ರಶ್ನೆ ಕೇಳಿಸಿಕೊಳ್ಳಲಿಕ್ಕೆಂದೇ ನಾನು ಅಗತ್ಯಕ್ಕಿಂತ ಹೆಚ್ಚು ಚಡ್ಡಿ ಹೊಲಿಸಿದ್ದುಂಟು.

ತೊಡೆ ಬಿಟ್ಟರೆ ನನ್ನ ಇನ್ನೊಂದು ಆಸ್ತಿ ಮೀಸೆ. ಈಗ ಅದು ಹಳೆಯ ಹಲ್ಲುಜ್ಜುವ ಬ್ರಶ್ಶಿನಂತೆ ಕಾಣುತ್ತದಾದರೂ ಆಗ ಹಾಗಿರಲಿಲ್ಲ. ಸುರತ್ಕಲ್ ಕಡೆಯ ಮನೆಯವರು ನನ್ನನ್ನು ನೋಡಿ ಹೋದ ಮೇಲೆ ದಲ್ಲಾಳಿಯ ಕೈಯಲ್ಲಿ ಹೇಳಿ ಕಳುಹಿಸಿದ್ದೇ ಅದನ್ನು: ಓದು ಸಾಲದು, ಆದರೆ ಹುಡುಗಿಗೆ ಮೀಸೆ ಹಿಡಿಸಿದೆ. ಹೀಗೆ ಮದುವೆ ನಿಶ್ಚಯವಾಯಿತು.

ಆ ಮೀಸೆಯನ್ನು ನಾನು ತೊಕ್ಕೊಟ್ಟಿನಲ್ಲಿ ಪಣಕ್ಕಿಟ್ಟೆ.

ತೊಕ್ಕೊಟ್ಟಿನಲ್ಲಿ ನನಗೊಬ್ಬ ಬ್ಯಾರಿ ಮುಸ್ಲಿಂ ಗೆಳೆಯ. ಅವನ ತಂದೆಯದು ಜೀನಸು ಅಂಗಡಿ. ಗೆಳೆಯ ಇಡೀ ದಿನ ಅಕ್ಕಿಮುಡಿಗಳ ನಡುವೆ ಕುಳಿತು ಮೆಣಸು, ಬೆಲ್ಲ ತೂಗುತ್ತಿದ್ದ. ನಾನು ಸೋಡಾ ಇಳಿಸಲು ಹೋದಾಗೆಲ್ಲ ನನ್ನನ್ನು ಕುಳ್ಳಿರಿಸಿ ಚಾ ತರಿಸುತ್ತಿದ್ದ, ಚಾ ಮುಗಿಯುವವರೆಗೆ ತಮಾಷೆ ಮಾಡುತ್ತಿದ್ದ. ಆ ವರ್ಷ ಅಲ್ಲಿಯ ಯುವಕ ಮಂಡಲದವರು ತೊಕ್ಕೊಟ್ಟಿನಿಂದ ಪಣಂಬೂರಿನ ಬಂದರಿನವರೆಗೆ ಸೈಕಲ್ ರೇಸ್ ಇಟ್ಟಿದ್ದರು. ನೇತ್ರಾವತಿ ಸೇತುವೆ ದಾಟಿ, ಪಂಪ್‌ವೆಲ್, ನಂತೂರು, ಕೂಳೂರು, ಪಣಂಬೂರು. ಗೇರ್ ಇಲ್ಲದ ಮಾಮೂಲಿ ಸೈಕಲ್ ಮಾತ್ರ. ನಾನು ದಿನಾ ತುಳಿಯುವ ದಾರಿ. ಗೆಲ್ಲುವುದು ನಾನೇ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ, ಆದರೂ ಗೆಳೆಯನಿಗೆ ಹೇಳಿದೆ.

ಅವನು ತಕ್ಕಡಿಯಿಂದ ಕಣ್ಣು ತೆಗೆಯದೆ, ನಾನೂ ಹೆಸರು ಕೊಟ್ಟಿದ್ದೇನೆ ಎಂದ.

ನಾನು ಚಾ ನೆತ್ತಿಗೆ ಹತ್ತಿಸಿಕೊಂಡೆ. ಅಂಗಡಿಯಲ್ಲಿ ಕೂತು ಕೂತು ಗೋಣಿಯ ಆಕಾರಕ್ಕೆ ಬಂದವ ರೇಸಿಗೆ ಬರುತ್ತಾನಂತೆ. ತಯಾರಿಯ ಕ್ರಮವನ್ನು ಗಲ್ಫಿನಿಂದ ರಜೆಯಲ್ಲಿ ಬಂದ ಅವನ ಅಣ್ಣ ಹೇಳಿಕೊಟ್ಟಿದ್ದನಂತೆ. ಅಣ್ಣನ ಕಂಪೆನಿಯಲ್ಲಿ ಒಬ್ಬ ದೊರೆಯ ಹಾಗಿರುವ ಮೇಲಧಿಕಾರಿ ಸೈಕಲ್ ರೇಸಿನವನು. ಅವನು ದಿನಾ ಜೋರು ತುಳಿಯುವುದಿಲ್ಲ, ಹೆಚ್ಚಿನ ದಿನ ಮೆಲ್ಲ ಹೋಗುತ್ತಾನೆ, ವಾರಕ್ಕೆ ಒಂದೋ ಎರಡೋ ಸಲ ಮಾತ್ರ ಪ್ರಾಣ ಹೋಗುವ ಹಾಗೆ, ಒಂದು ದಿನ ಸೈಕಲ್ ಮುಟ್ಟುವುದೇ ಇಲ್ಲ. ವಾರ ವಾರ ದೂರ ಸ್ವಲ್ಪ ಹೆಚ್ಚಿಸುತ್ತಾನೆ, ಆಗೊಮ್ಮೆ ಒಂದು ವಾರ ಇಳಿಸುತ್ತಾನೆ.

“ನೀನು ಗಾಣದ ಎತ್ತು ಮಾರಾಯ,” ಎಂದ ಗೆಳೆಯ. “ದಿನಾ ಒಂದೇ ದಾರಿ, ಒಂದೇ ಸ್ಪೀಡು. ನಿನಗೆ ಪ್ಲಾನ್ ಅಂತ ಎಂತ ಉಂಟು?”

ಅಂಗಡಿಯಲ್ಲಿ ಸಾಮಾನಿಗೆ ಬಂದವರೆಲ್ಲ ನಕ್ಕರು. ಗಾಣದ ಎತ್ತು ಎಂದದ್ದಕ್ಕಲ್ಲ, ನನಗೆ ಸಿಟ್ಟು ಬಂದದ್ದು ಪ್ಲಾನ್ ಎಂದದ್ದಕ್ಕೆ. ದುಡಿಯುವವನಿಗೆ ಪ್ಲಾನ್ ಯಾಕೆ? ಪ್ಲಾನ್ ಬೇಕಾದದ್ದು ದುಡಿಯದೆ ಇರುವವರಿಗೆ. ನಾನು ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ನೀನು ನನಗಿಂತ ಮೊದಲು ಪಣಂಬೂರು ಮುಟ್ಟಿದರೆ ಮೀಸೆ ತೆಗೆಯುವುದೇ. ಇಲ್ಲೇ, ನಿನ್ನ ಅಂಗಡಿಯ ಎದುರಿನ ಸೆಲೂನಿನಲ್ಲೇ.”

ಎದುರಿನ ಸೆಲೂನಿನವನೂ ಬಾಗಿಲಿಗೆ ಬಂದು ಕೇಳಿಸಿಕೊಂಡ.

ಮದುವೆ ರೇಸಿನ ನಂತರದ ವಾರವೇ ಎಂಬುದು ನನಗೆ ನೆನಪಾದದ್ದು ವಾಪಸು ಬರುವಾಗ, ಸೇತುವೆಯ ಅರ್ಧದಲ್ಲಿ. ಕಾಲು ತುಳಿಯುವುದನ್ನು ನಿಲ್ಲಿಸಿತು.

ಮನೆಯಲ್ಲಿ ಹೇಳಿದಾಗ ಮಾಮಿ ಬಾಟ್ಲಿ ತೊಳೆಯುವುದನ್ನು ಬಿಟ್ಟು ನನ್ನ ಮುಖವನ್ನಲ್ಲ, ಮಾವನ ಮುಖವನ್ನು ನೋಡಿದರು. ಯಾಕೆ ಎಂದು ಹೇಳಬೇಕು. ನಮ್ಮದು ಅಳಿಯಕಟ್ಟು. ಮನೆಯ ಯಜಮಾನ ಸೋದರಮಾವ, ಅವನು ತೀರಿಕೊಂಡರೆ ತಲೆ ಮೀಸೆ ತೆಗೆದು ಕ್ರಿಯೆ ಮಾಡುವವ ಸೋದರಳಿಯ. ಅಳಿಯನ ಮೇಲ್ದುಟಿ ಬೋಳಾಗಿದೆ ಎಂದರೆ ನಮ್ಮ ಕಡೆಯವರು ಯಾರೂ ಕಾರಣ ಕೇಳುವುದಿಲ್ಲ, ನೇರ ಕೇಳುವುದು ಮಾವನವರಿಗೆ ಏನಾಗಿತ್ತು ಎಂದು. ಹೀಗೆ ಬೋಳು ಮುಖ ಹೊತ್ತು ನಾನು ದಿಬ್ಬಣ ಇಳಿದರೆ ಹುಡುಗಿಯ ಕಡೆಯವರು ಸೂತಕ ಎಂದು ಹಸೆಯನ್ನೇ ಮಡಚಿ ಇಟ್ಟಾರು. ಹುಡುಗಿ ಒಪ್ಪಿದ ಮೀಸೆಯೂ ಇಲ್ಲ, ಮುಹೂರ್ತವೂ ಇಲ್ಲ.

ಮಾವ ಬೀಡಿ ಹಚ್ಚಿದರು. ಆಮೇಲೆ ನಿಧಾನವಾಗಿ ಕೇಳಿದರು: “ನಾನು ಸತ್ತೆನಾ?”

“ಇಲ್ಲ ಮಾವ.”

“ಹಾಗಾದರೆ ನೀನು ಗೆಲ್ಲಬೇಕು.”

ಮಾವನ ಬಗ್ಗೆ ಇಲ್ಲಿ ಎರಡು ಮಾತು. ಅವರಿಗೆ ಊರಿನಲ್ಲಿ ಗದ್ದೆ ಇತ್ತು, ಕಂಬಳದ ಒಂದು ಜೋಡಿ ಕೋಣ ಇತ್ತು. ಭೂಸುಧಾರಣೆಯ ಡಿಕ್ಲರೇಶನಿನಲ್ಲಿ ಗದ್ದೆ ಒಕ್ಕಲುಗಳಿಗೆ ಹೋಯಿತು. ಗದ್ದೆ ಹೋದದ್ದಕ್ಕೆ ಅವರು ಯಾರನ್ನೂ ದೂರಿದ್ದು ನಾನು ಕೇಳಲಿಲ್ಲ. ಆದರೆ ಮೇಯಿಸಲು ಜಾಗವಿಲ್ಲದೆ ಕೋಣಗಳನ್ನು ಕೊಟ್ಟುಬಿಡಬೇಕಾಯಿತು, ಅದರ ಮಾತು ಬಂದರೆ ಎದ್ದು ಹೋಗಿ ಸೋಡಾ ಯಂತ್ರ ತಿರುಗಿಸುತ್ತಿದ್ದರು. ತುಂಬಿಸಲಿಕ್ಕೆ ಬಾಟ್ಲಿ ಇಲ್ಲದಿದ್ದರೂ ತಿರುಗಿಸುತ್ತಿದ್ದರು. ಪೇಟೆಗೆ ಬಂದು ವರ್ಷಗಳಾದರೂ ಆ ಕೋಣಗಳ ಹಗ್ಗ, ಹಿತ್ತಾಳೆಯ ಕೊಂಬಿನ ಕಳಸ ಅಟ್ಟದಲ್ಲಿ ಇದ್ದವು.

ಮರುದಿನ ಬೆಳಿಗ್ಗೆ ಅವರು ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ಸುತ್ತ ಒಂದು ಪ್ರದಕ್ಷಿಣೆ ಬಂದರು. ಹಿಂದೆ ನಿಂತು ತೊಡೆ ನೋಡಿದರು. ಮೊಣಕಾಲು ಬಗ್ಗಿಸಿ ಪಾದ ಎತ್ತಿ ಅಡಿ ನೋಡಿದರು. ಬಾಯಿ ತೆರೆಯಲಿಕ್ಕೆ ಹೇಳಿದಾಗ ನಾನು ಯಾಕೆ ಎಂದು ಕೇಳಿದೆ. ಅವರಿಗೆ ಎಚ್ಚರಾದ ಹಾಗಾಯಿತು. ಹಲ್ಲು ಬೇಡ, ಬಿಡು ಎಂದರು.

ಆಮೇಲೆ ತನ್ನ ಪ್ಲಾನ್ ಹೇಳಿದರು. ಆ ಶಬ್ದವನ್ನು ಅವರು ಬಳಸಲಿಲ್ಲ. ಕಂಬಳದ ಕಾಲ ಬರುವ ಮೊದಲು ಕೋಣಗಳನ್ನು ಕೆಸರಿಗಿಳಿಸಿ ಓಡಿಸಿ ಪಳಗಿಸುವುದಕ್ಕೆ ನಮ್ಮಲ್ಲಿ ಕುದಿ ಎನ್ನುತ್ತಾರೆ. ನನಗೂ ಕುದಿ. ಒಂದು ದಿನ ಕುದಿ, ಮತ್ತೆ ಎರಡು ದಿನ ಹಟ್ಟಿ, ಎಂದರೆ ಕೊಟ್ಟಿಗೆಯ ವಿಶ್ರಾಂತಿ. ಹಟ್ಟಿಯ ದಿನ ಎಣ್ಣೆ ತಿಕ್ಕುವುದು, ನೀರು ಹಾಕುವುದು, ಬೇಯಿಸಿದ ಹುರುಳಿ ತಿನ್ನಿಸುವುದು. ಓಟದ ಕೋಣವನ್ನು ಉಳಲಿಕ್ಕೆ ಕಟ್ಟುವುದಿಲ್ಲ, ಹಾಗಾಗಿ ರೇಸ್ ಮುಗಿಯುವವರೆಗೆ ನಾನು ಸೋಡಾ ಪೆಟ್ಟಿಗೆ ಮುಟ್ಟಬಾರದು. ನನಗೆ ತುಳಿಯಲಿಕ್ಕೆ ಬಾಡಿಗೆಯ ಬೇರೆ ಸೈಕಲ್.

ಅಂಗಡಿಗಳಿಗೆ ಸೋಡಾ ಯಾರು ಹಾಕುವುದು ಎಂದು ಮಾಮಿ ಕೇಳಿದರು.

“ನಾನಿಲ್ಲವಾ?” ಎಂದರು ಮಾವ.

ಮಾವನಿಗೆ ಆಗ ಸಾಕಷ್ಟು ಹೊಟ್ಟೆ ಇತ್ತು. ಸೈಕಲಿನಲ್ಲಿ ಕುಳಿತರೆ ಹ್ಯಾಂಡಲಿಗೂ ಹೊಟ್ಟೆಗೂ ನಡುವೆ ಬೆಲ್ಲು ಹೊಡೆಯಲು ಮಾತ್ರ ಜಾಗ. ಮೊದಲ ದಿನ ಅವರು ಗೇಟಿನಿಂದ ಹೊರಡುವಾಗ ಮಾಮಿ, ನೀವು ವಾಪಸು ಬರುವಾಗ ಬಾಟ್ಲಿ ಮಾತ್ರ ಬಂದರೆ ಸಾಲದು ಎಂದು ಹೇಳಿ ಕಳುಹಿಸಿದರು.

ಕುದಿ ನಡೆಯುತ್ತಿದ್ದದ್ದು ಜಪ್ಪಿನ ಹೆಂಚಿನ ಕಾರ್ಖಾನೆಯ ಹಿಂದಿನ ನೇರ ರಸ್ತೆಯಲ್ಲಿ. ಮಾವ ಹೆಜ್ಜೆಯಲ್ಲಿ ಅಳೆದು ಕಂಬಳದ ಗದ್ದೆಯಷ್ಟೇ ಉದ್ದಕ್ಕೆ ಒಂದು ಕಡೆ ಕಲ್ಲು ಇಟ್ಟರು, ಇನ್ನೊಂದು ಕಡೆ ತಾವು ನಿಂತರು. ಅವರು ಮೈ ಒರೆಸುವ ಬೈರಾಸು ಎತ್ತಿ ಒಂದು ಕೂಗು ಹಾಕಿದರೆ ನಾನು ಹಲ್ಲು ಕಚ್ಚಿ ತುಳಿಯಬೇಕು. ಎಂಥ ಕೂಗು ಅದು. ಕಾರ್ಖಾನೆಯ ಹೆಂಗಸರು ಹಸಿ ಹೆಂಚು ಹಿಡಿದುಕೊಂಡೇ ಹೊರಗೆ ಬರುತ್ತಿದ್ದರು. ನಾನು ಮಾವನ ಹತ್ತಿರ ಮುಟ್ಟಿದ ಕೂಡಲೇ ಓಟ ಮುಗಿಯಿತು. ಬೆನ್ನು ತಟ್ಟುವುದು, ಕೊಡದಲ್ಲಿ ನೀರು ಎರಚುವುದು, ವಿಶ್ರಾಂತಿ. ಮತ್ತೆ ಇನ್ನೊಮ್ಮೆ.

ಸುಳ್ಳು ಹೇಳುವುದಿಲ್ಲ, ಎರಡು ವಾರದಲ್ಲಿ ನಾನು ಬೆಂಕಿಯಾದೆ. ಕಲ್ಲಿನಿಂದ ಹೊರಟರೆ ಪೆಡಲ್ ಕಾಣುತ್ತಿರಲಿಲ್ಲ. ಮಾವನ ಕಣ್ಣಿನಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದೇನೆ, ಧೂಳು ಎಂದರು. ಸೈಕಲಿನ ಹ್ಯಾಂಡಲಿಗೆ ಆ ಹಿತ್ತಾಳೆಯ ಕಳಸ ಕಟ್ಟುವ ಮಾತೂ ಬಂತು. ಮಾಮಿ ಬೈದದ್ದರಿಂದ ನಾನು ಪಾರಾದೆ.

ಕಷ್ಟವಾದದ್ದು ಹಟ್ಟಿಯ ದಿನಗಳು. ದುಡಿದವನನ್ನು ಸುಮ್ಮನೆ ಕೂರಿಸಿದರೆ ಏನಾಗುತ್ತದೆ ಎಂದು ಕೂತವರಿಗೆ ತಿಳಿಯದು. ಮೈಗೆ ಎಣ್ಣೆ ಬಳಿದುಕೊಂಡು ಚಾಪೆಯ ಮೇಲೆ ಬಿದ್ದಿರುವುದು, ಮಾಮಿ ಹೊತ್ತು ಹೊತ್ತಿಗೆ ಹುರುಳಿ ತಂದಿಡುವುದು. ಹುರುಳಿ ಕೋಣಕ್ಕೆ ಬಲ ಕೊಡುತ್ತದೆ. ಮನುಷ್ಯನಿಗೆ ಬಲದ ಜತೆ ಬೇರೆಯದನ್ನೂ ಕೊಡುತ್ತದೆ, ಅದು ಸೋಡಾ ಯಂತ್ರದ ಗ್ಯಾಸಿಗಿಂತ ಜೋರು. ಮಾಮಿ ನನ್ನ ಚಾಪೆಯನ್ನು ಜಗಲಿಗೆ ಹಾಕಿದರು, ಆಮೇಲೆ ಅಂಗಳಕ್ಕೆ. ನಿಜವಾದ ಹಟ್ಟಿಗೆ ಇನ್ನು ಸ್ವಲ್ಪವೇ ದೂರ ಇತ್ತು.

ಒಂದು ಸಂಜೆ ಬಟ್ಟಲು ತೆಗೆಯುತ್ತಾ ಮಾಮಿ ಕೇಳಿದರು: “ಕೋಣ ಓಡುವುದು ಒಂದು ಗದ್ದೆ. ಇವನಿಗೆ ಎಷ್ಟು ಗದ್ದೆ ಉಂಟು?”

ಮಾವ ಸ್ವಲ್ಪ ಯೋಚಿಸಿದರು. ಗದ್ದೆ ಹೆಚ್ಚಿದ್ದರೆ ಕುದಿಯೂ ಹೆಚ್ಚು ಮಾಡಿದರಾಯಿತು ಎಂದರು. ನನಗೂ ಅದು ಸರಿ ಎಂದೇ ಕಂಡಿತು. ಕಂಬಳದಲ್ಲಿ ಕೋಣ ಬಿಟ್ಟಾಗ ಹಚ್ಚಿದ ಬೀಡಿ ಅದು ಮುಟ್ಟುವಾಗ ಸರಿಯಾಗಿ ಹೊತ್ತಿಕೊಂಡಿರುವುದಿಲ್ಲ. ತೊಕ್ಕೊಟ್ಟಿನಿಂದ ಪಣಂಬೂರಿಗೆ ಸೈಕಲಿನಲ್ಲಿ ಹೋಗಿ ಮುಟ್ಟುವಾಗ ಅರ್ಧ ಕಟ್ಟು ಬೀಡಿ ಮುಗಿಯುತ್ತದೆ. ಈ ಲೆಕ್ಕ ನಮ್ಮಿಬ್ಬರ ತಲೆಗೂ ಹೋಗಲಿಲ್ಲ. ಕಂಬಳ ನೋಡಿ ಬೆಳೆದವರಿಗೆ ಓಟ ಎಂದರೆ ಕಣ್ಣಿಗೆ ಕಾಣುವಷ್ಟು ದೂರ, ಅಷ್ಟೇ.

ಗೆಳೆಯ ಏನು ಮಾಡುತ್ತಿದ್ದಾನೆಂದು ನೋಡಲು ಒಂದು ದಿನ ಸೇತುವೆಯ ಹತ್ತಿರ ಹೋಗಿ ನಿಂತೆ. ಬಂದ. ಬಂದ ಎನ್ನುವುದಕ್ಕಿಂತ ತೇಲುತ್ತಿದ್ದ ಎನ್ನಬೇಕು. ಬುಟ್ಟಿ ಕಟ್ಟಿದ ಮೀನಿನವನು ಅವನನ್ನು ಹಿಂದೆ ಹಾಕಿ ಹೋದ. ಒಬ್ಬಳು ಮುದುಕಿ ನಡೆದುಕೊಂಡು ಬರುತ್ತಿದ್ದವಳು ಹಿಂದೆ ಹಾಕದಿದ್ದದ್ದು ಬರೀ ಮರ್ಯಾದೆಗೆ. ಅಷ್ಟೇ ಅಲ್ಲ, ಅವನು ಗಟ್ಟಿಯಾಗಿ ಮಾತಾಡಿಕೊಂಡು ಬರುತ್ತಿದ್ದ: ಕುಚ್ಚಲಕ್ಕಿ, ಬೆಳ್ತಿಗೆ, ತೊಗರಿಬೇಳೆ, ಬೆಲ್ಲ, ಬ್ಯಾಡಗಿ ಮೆಣಸು, ಕೊತ್ತಂಬರಿ. ಅಂಗಡಿಯ ಸಾಮಾನು ಪೂರ್ತಿ.

ತಲೆ ಕೆಟ್ಟಿತಾ ಎಂದು ಕೇಳಿದೆ. ನಿಲ್ಲಿಸದೆ ಉತ್ತರ ಹೇಳಿದ. ಮೆಲ್ಲ ಹೋಗುವ ದಿನ ಮಾತಾಡಲಿಕ್ಕೆ ಆಗುವಷ್ಟೇ ಸ್ಪೀಡಿನಲ್ಲಿ ಹೋಗಬೇಕಂತೆ. ಕೊತ್ತಂಬರಿ ಹೇಳುವಾಗ ಉಸಿರು ಕಟ್ಟಿದರೆ ಸ್ಪೀಡು ಹೆಚ್ಚಾಗಿದೆ ಎಂದು ಅರ್ಥವಂತೆ. ಅಣ್ಣ ಹೇಳಿದ್ದಂತೆ.

“ಜೋರು ಹೋಗಲಿಕ್ಕೆ ಎಂತ, ಯಾರಿಗೂ ಆಗ್ತದೆ,” ಎಂದ. “ಮೆಲ್ಲ ಹೋಗುವುದು ಭಾರೀ ಕಷ್ಟ ಮಾರಾಯ. ಮರ್ಯಾದೆ ಬಿಡಬೇಕು.”

ನಾನು ಮನೆಗೆ ಬಂದು ಮಾವನಿಗೆ ವರದಿ ಒಪ್ಪಿಸಿದೆ. ಇಬ್ಬರೂ ನಕ್ಕೆವು. ನಗುವಾಗ ಒಂದು ವಿಷಯ ನಾನು ಗಮನಿಸಿದೆನಾದರೂ ಅದಕ್ಕೆ ಬೆಲೆ ಕೊಡಲಿಲ್ಲ. ಮಾವ ಆಗ ತಾನೇ ಪಣಂಬೂರಿಗೆ ಸೋಡಾ ಹಾಕಿ ಬಂದಿದ್ದರು, ಆದರೂ ಅವರಿಗೆ ಏದುಸಿರು ಇರಲಿಲ್ಲ. ಮಾಮಿ ಅವರ ಪಂಚೆಯನ್ನು ಈಗ ಒಂದು ಸುತ್ತು ಹೆಚ್ಚು ಸುತ್ತಬೇಕಾಗುತ್ತದೆ ಎಂದಿದ್ದರು.

ರೇಸಿನ ದಿನ ಬೆಳಿಗ್ಗೆ ತೊಕ್ಕೊಟ್ಟಿನಲ್ಲಿ ಜನವೋ ಜನ. ನನ್ನ ಮೈ ಎಣ್ಣೆಯಿಂದ ಹೊಳೆಯುತ್ತಿತ್ತು. ಸೆಲೂನಿನವನು ಬಾಗಿಲಲ್ಲಿ ನಿಂತು ಕತ್ತಿಯನ್ನು ಚರ್ಮದ ಪಟ್ಟಿಗೆ ತಿಕ್ಕುತ್ತಾ ನನ್ನ ಕಡೆಗೆ ಕೈ ಬೀಸಿದ. ಗೆಳೆಯ ಕೊನೆಯ ಸಾಲಿನಲ್ಲಿ ನಿಂತು ಬಾಳೆಹಣ್ಣು ತಿನ್ನುತ್ತಿದ್ದ.

ಬಾವುಟ ಬಿದ್ದದ್ದೇ ನನ್ನ ಕಿವಿಯಲ್ಲಿ ಮಾವನ ಕೂಗು ಕೇಳಿತು. ಮಾವ ಅಲ್ಲಿರಲಿಲ್ಲ, ಪಂಪ್‌ವೆಲ್‌ನಲ್ಲಿ ಕಾಯುತ್ತಿದ್ದರು. ಆದರೂ ಕೇಳಿತು. ನಾನು ಹೋದ ವೇಗಕ್ಕೆ ಬಾವುಟ ಹಿಡಿದವನ ಟೊಪ್ಪಿ ಹಾರಿತು ಎಂದು ಆಮೇಲೆ ಜನ ಹೇಳಿದರು. ಸೇತುವೆಯ ಮೇಲೆ ನಾನೊಬ್ಬನೇ. ಹಿಂದೆ ಯಾರೂ ಹತ್ತಿರ ಬರಲಿಲ್ಲ; ಅದರಲ್ಲಿ ವೇಗದ ಪಾಲೆಷ್ಟು, ಹುರುಳಿಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ.

ಸೇತುವೆ ಮುಗಿಯಿತು. ನನ್ನ ದೇಹಕ್ಕೆ ಓಟವೂ ಮುಗಿಯಿತು. ಇಷ್ಟು ದಿನ ಕಲಿಸಿದ್ದು ಅದಕ್ಕೆ ಅಷ್ಟನ್ನೇ. ಈಗ ಬೆನ್ನು ತಟ್ಟಬೇಕು, ನೀರು ಎರಚಬೇಕು ಎಂದು ಅದು ಕಾಯತೊಡಗಿತು. ಕಾಲು ನನ್ನದಲ್ಲ. ಒಬ್ಬ ಹಿಂದೆ ಹಾಕಿದ, ಆಮೇಲೆ ಇಬ್ಬರು, ಆಮೇಲೆ ನಾನು ನೋಡುವುದನ್ನು ಬಿಟ್ಟೆ. ದಿನಾ ಸೋಡಾ ಪೆಟ್ಟಿಗೆ ಹೊತ್ತು ತುಳಿಯುತ್ತಿದ್ದ ದಾರಿ ಖಾಲಿ ಸೈಕಲಿನಲ್ಲಿ ಮುಗಿಯುತ್ತಿರಲಿಲ್ಲ.

ಪಂಪ್‌ವೆಲ್‌ನಲ್ಲಿ ಮಾವ ಸೋಡಾ ಸೈಕಲ್ ಹತ್ತಿ ನನ್ನ ಜತೆ ಸೇರಿದರು. ಹಿಂದೆ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಬಾಟ್ಲಿ, ಹ್ಯಾಂಡಲಿನಲ್ಲಿ ನೀರಿನ ಬಕೆಟ್ಟು. ತುಳಿಯುತ್ತಲೇ ಒಂದು ಕೈಯಿಂದ ನೀರು ಎರಚಿದರು, ಹೆಬ್ಬೆರಳಿನಲ್ಲಿ ಗೋಲಿ ಒತ್ತಿ ಸೋಡಾ ಕುಡಿಸಿದರು. ಹುರುಳಿಯ ಮೇಲೆ ಸೋಡಾ ಬಿದ್ದರೆ ಏನಾಗುತ್ತದೆ ಎಂದು ಬರೆಯುವುದು ಸಭ್ಯತೆಯಲ್ಲ.

ನಂತೂರಿನ ಏರಿನಲ್ಲಿ ಹಿಂದಿನಿಂದ ಒಂದು ಸ್ವರ ಕೇಳಿತು. ಬೆಲ್ಲ, ಬ್ಯಾಡಗಿ ಮೆಣಸು, ಕೊತ್ತಂಬರಿ. ಉಸಿರು ಕಟ್ಟಿರಲಿಲ್ಲ. ಗೆಳೆಯ ನನ್ನ ಪಕ್ಕಕ್ಕೆ ಬಂದ. ನಮ್ಮೂರಿನಲ್ಲಿ ಮನೆಗೆ ಬಂದವರನ್ನು ಕಳುಹಿಸಿಕೊಡುವಾಗ ಹೇಳುವ ಒಂದು ಮಾತಿದೆ. ಅದನ್ನು ಅವನು ಬಹಳ ಮರ್ಯಾದೆಯಿಂದ ಹೇಳಿದ.

“ಮೆಲ್ಲ ಬಾ ಆಯ್ತಾ.”

ಹೇಳಿ, ಏರಿನಲ್ಲಿ ಎದ್ದು ನಿಂತು ತುಳಿದು ಲಾರಿಗಳ ನಡುವೆ ಮಾಯವಾದ.

ನಾನು ಇಳಿದು ಸೈಕಲ್ ದೂಡತೊಡಗಿದೆ. ಮಾವ ಸ್ವಲ್ಪ ಮುಂದೆ ಹೋದವರು ನಾನಿಲ್ಲದ್ದು ಕಂಡು ತಿರುಗಿ ಬಂದರು. ಹೌದು, ತಿರುಗಿ ಬಂದರು. ತುಂಬಿದ ಪೆಟ್ಟಿಗೆ ಕಟ್ಟಿಕೊಂಡು ನಂತೂರಿನ ಏರನ್ನು ಎರಡು ಸಲ ಹತ್ತಿದರು. ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು. ನನ್ನ ಬಾಯಿ ತೆರೆದೇ ಇತ್ತು, ಅವರದು ಮುಚ್ಚಿತ್ತು, ಮೂಗಿನಲ್ಲಿ ಉಸಿರಾಡುತ್ತಿದ್ದರು. ಇಷ್ಟು ವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಭಾರ ಕಟ್ಟಿಕೊಂಡು ಬಾಟ್ಲಿ ಒಡೆಯದ ಹಾಗೆ ಮೆಲ್ಲ ತುಳಿದವರು ಅವರು. ತಯಾರಾದದ್ದು ಅವರು, ಹಟ್ಟಿಯಲ್ಲಿ ಬಿದ್ದದ್ದು ನಾನು. ಅದು ಇಬ್ಬರಿಗೂ ಅಲ್ಲಿ, ಲಾರಿಗಳ ಹೊಗೆಯಲ್ಲಿ, ಒಟ್ಟಿಗೇ ಹೊಳೆಯಿತು. ಮಾವ ಬಕೆಟ್ಟಿನಲ್ಲಿ ಉಳಿದ ನೀರನ್ನು ತನ್ನ ತಲೆಗೇ ಸುರಿದುಕೊಂಡರು.

ಪಣಂಬೂರು ಮುಟ್ಟಿದೆ. ಫುಟ್‌ಪಾತಿನಲ್ಲಿ ಕುಳಿತವರೆಲ್ಲ ಎದ್ದು ಹೋದ ಮೇಲೆ ಮುಟ್ಟಿದೆ. ಗೆದ್ದವನು ಬಂದರಿನಲ್ಲಿ ಮೂಟೆ ಹೊರುವವನು. ನನ್ನ ಗೆಳೆಯ ನಾಲ್ಕನೆಯವನೋ ಐದನೆಯವನೋ. ಆದರೆ ನಮ್ಮ ಪಣ ಅದಕ್ಕೆ ಸಂಬಂಧಿಸಿದ್ದಲ್ಲವಲ್ಲ. ಅವನು ನನಗೆ ಬಾಳೆಹಣ್ಣು ಕೊಟ್ಟು, ಮೀಸೆಯ ಮಾತು ಬಿಡು, ನಿನಗೆ ಮದುವೆ ಉಂಟು, ನನಗೆ ನಿನ್ನ ಮದುವೆಯ ಊಟ ಉಂಟು ಎಂದ. ನಾನು ಒಪ್ಪಲಿಲ್ಲ. ಏಳನೆಯ ತರಗತಿಯವನಿಗೆ ಮಾತು ಬಿಟ್ಟರೆ ಬೇರೆ ಸರ್ಟಿಫಿಕೇಟು ಯಾವುದು? ನಾಳೆ ಬೆಳಿಗ್ಗೆ ಸೆಲೂನಿಗೆ ಬಾ ಎಂದು ಹೇಳಿ ಬಂದೆ. ಆ ರಾತ್ರಿ ಮಾತ್ರ ಕನ್ನಡಿಯ ಎದುರು ಮೀಸೆಯನ್ನು ಕೈಯಿಂದ ಮುಚ್ಚಿ ನೋಡಿಕೊಂಡೆ. ಯಾರೋ ಬೇರೆಯವರ ಮಗನ ಹಾಗೆ ಕಂಡೆ.

ಮರುದಿನ ಹೋದಾಗ ಸೆಲೂನಿನ ಕುರ್ಚಿ ಖಾಲಿ ಇರಲಿಲ್ಲ. ಮುಖಕ್ಕೆಲ್ಲ ಸಾಬೂನಿನ ನೊರೆ ಮೆತ್ತಿಕೊಂಡು ಯಾರೋ ಒರಗಿದ್ದರು. ಹೊರಗೆ ನಮ್ಮ ಸೋಡಾ ಸೈಕಲ್ ನಿಂತಿತ್ತು. ಗೆಳೆಯ ಒಳಗೆ ಬೆಂಚಿನಲ್ಲಿ ಕುಳಿತು ನೆಲ ನೋಡುತ್ತಿದ್ದ.

“ಮಾವ, ಇದೆಂತ?” ಎಂದೆ.

ನೊರೆಯೊಳಗಿನಿಂದ ಉತ್ತರ ಬಂತು. “ಕೋಣ ಸೋತರೆ ಕೋಣದ ಮೀಸೆ ತೆಗೆಯುವುದು ಎಲ್ಲಿಯಾದರೂ ಉಂಟಾ? ಮರ್ಯಾದೆ ಹೋಗುವುದು ಯಜಮಾನನದ್ದು.”

ಕೋಣಕ್ಕೆ ಮೀಸೆ ಇರುವುದಿಲ್ಲವಲ್ಲ ಎಂದು ಸೆಲೂನಿನವನು ಕತ್ತಿ ಎತ್ತಿ ಹಿಡಿದು ಸಂಶಯ ಎತ್ತಿದ. ನೀನು ನಿನ್ನ ಕೆಲಸ ಮಾಡು ಎಂದರು ಮಾವ.

ಪಣ ಕಟ್ಟಿದ್ದು ನಾನು, ಮೀಸೆ ನನ್ನದು ಎಂದು ನಾನು ವಾದಿಸಿದೆ. ಮಾವ ಗೆಳೆಯನನ್ನು ಸಾಕ್ಷಿಗೆ ಕರೆದರು. ಆ ದಿನ ಇವ ಹೇಳಿದ್ದು ಎಂತ, ಹೇಳಿದ ಹಾಗೆಯೇ ಹೇಳು. ಗೆಳೆಯ ಕೆಮ್ಮಿ, ಮೀಸೆ ತೆಗೆಯುವುದೇ ಎಂದಿದ್ದ, ಯಾರದ್ದು ಅಂತ ಹೇಳಿದ್ದು ನನಗೆ ನೆನಪಿಲ್ಲ ಎಂದ. ಜೀನಸು ಅಂಗಡಿಯವನ ನೆನಪು. ಮೂರು ವರ್ಷದ ಹಿಂದಿನ ಅರ್ಧ ಸೇರು ಬೆಲ್ಲ ಅವನು ಮರೆಯುವವನಲ್ಲ. ನೆನಪಿಲ್ಲ ಎಂದಾಗ ಅವನು ನನ್ನ ಕಡೆ ನೋಡಲಿಲ್ಲ.

“ನೀನು ಬೋಳಿಸಿದರೆ ನಾನು ಸತ್ತೆ ಅಂತ ಆಗ್ತದೆ,” ಎಂದರು ಮಾವ. “ನಾನು ಬೋಳಿಸಿದರೆ ನನಗಿಂತ ಹಿರಿಯರು ಸಾಯಲಿಕ್ಕೆ ಇನ್ನು ಯಾರೂ ಬಾಕಿ ಇಲ್ಲ. ಹಾಕು ಕತ್ತಿ.”

ಅವರ ಮೀಸೆ ನನ್ನದಕ್ಕಿಂತ ದೊಡ್ಡದಿತ್ತು ಎಂದು ಇಲ್ಲಿ ಬರೆದಿಡುತ್ತೇನೆ. ಅವರು ಇರುವಾಗ ನಾನು ಇದನ್ನು ಒಪ್ಪಿಕೊಂಡದ್ದಿಲ್ಲ.

ಮುಂದಿನ ವರ್ಷಗಳಲ್ಲಿ ನಾನು ಗೆಳೆಯನ ಜತೆ ಸೇರಿಯೇ ತಯಾರಾದೆ. ಸೋಡಾ ಹಾಕುವ ದಿನಗಳೆಲ್ಲ ಮೆಲ್ಲದ ದಿನಗಳು. ಅವನಿಗೆ ಕೊತ್ತಂಬರಿ ಇದ್ದ ಹಾಗೆ ನನಗೆ ಬಾಟ್ಲಿಗಳು: ಬಡಿದ ಶಬ್ದ ಬಂದರೆ ಸ್ಪೀಡು ಹೆಚ್ಚಾಯಿತು ಎಂದು ಲೆಕ್ಕ. ವಾರದಲ್ಲಿ ಒಂದು ದಿನ ಪೆಟ್ಟಿಗೆ ಬಿಚ್ಚಿಟ್ಟು ನಂತೂರಿನ ಏರನ್ನು ಸಾಕೆನಿಸುವವರೆಗೆ ಹತ್ತಿ ಇಳಿಯುತ್ತಿದ್ದೆವು, ಅದಕ್ಕೆ ಮಾವ ಬಂದು ಕೂಗು ಹಾಕುತ್ತಿದ್ದರು. ಅವರ ಕುದಿ ವ್ಯರ್ಥವಾಗಲಿಲ್ಲ. ಅದು ವಾರಕ್ಕೊಮ್ಮೆಯ ಸಾಮಾನು, ನಾವು ಅದನ್ನೇ ಮೂರು ಹೊತ್ತಿನ ಊಟ ಮಾಡಿದ್ದೆವು. ಶುಕ್ರವಾರ ಅವನಿಗೆ ಅಂಗಡಿಗೆ ರಜೆ, ನಮಗಿಬ್ಬರಿಗೂ ಸೈಕಲಿಗೆ ರಜೆ. ಒಂದು ವರ್ಷ ಇಬ್ಬರೂ ಬಹುಮಾನದ ಪಾತ್ರೆ ಮನೆಗೆ ತಂದೆವು. ನನ್ನದು ದೊಡ್ಡದು. ಅವನು ಅಲ್ಲ ಎನ್ನುತ್ತಾನೆ. ಆದರೆ ಅದೆಲ್ಲ ಆಮೇಲೆ. ಆ ವಾರ ನನ್ನ ತಲೆಯಲ್ಲಿ ಇದ್ದದ್ದು ಮದುವೆ ನಡೆಯುತ್ತದೋ ಇಲ್ಲವೋ ಎಂಬುದೊಂದೇ.

ಮಾಮಿ ಮೊದಲೇ ಎಚ್ಚರಿಸಿದ್ದರು. ಯಜಮಾನನ ಮೀಸೆ ಹೋದರೂ ಕೇಳುವವರು ಕೇಳದೆ ಬಿಡುವುದಿಲ್ಲ ಎಂದು. ಹಾಗೆಯೇ ಆಯಿತು. ದಿಬ್ಬಣದ ಬಸ್ಸು ಹುಡುಗಿಯ ಮನೆಯ ಗೇಟಿನಲ್ಲಿ ನಿಂತಿತು. ಕಾಲಿಗೆ ನೀರು ಕೊಡಲು ಬಂದ ಹುಡುಗಿಯ ಸೋದರಮಾವ ತಂಬಿಗೆ ಹಿಡಿದುಕೊಂಡು ನಮ್ಮ ಮಾವನ ಮುಖವನ್ನೇ ನೋಡುತ್ತಾ ನಿಂತರು. ನೀರು ಅವರ ಕಾಲಿನ ಮೇಲೆಯೇ ಬೀಳುತ್ತಿತ್ತು. ಅವರ ಹಿಂದಿನ ಹಿರಿಯರು ಒಬ್ಬರಿಗೊಬ್ಬರು ಪಿಸುಗುಟ್ಟಿದರು. ವಾಲಗದವರು ನಿಲ್ಲಿಸಿದರು. ನನ್ನ ತಲೆಯ ಮೇಲಿನ ಮುಂಡಾಸು ಬಿಗಿಯಾಗುತ್ತಾ ಬಂತು.

“ಮನೆಯಲ್ಲಿ ಏನಾದರೂ...?” ಎಂದು ಅವರು ತಗ್ಗಿದ ಸ್ವರದಲ್ಲಿ ಕೇಳಿದರು.

ಮಾವ ಬೋಳಾದ ಮೇಲ್ದುಟಿಯನ್ನು ಒಮ್ಮೆ ಸವರಿಕೊಂಡರು. “ಮನುಷ್ಯರು ಯಾರೂ ಅಲ್ಲ. ಕೋಣ ಒಂದು ಹೋಯಿತು.”

“ಅಯ್ಯೋ. ಕಂಬಳದ್ದಾ?”

“ಹೌದು. ಓಟದ್ದೇ. ನಾನೇ ಕುದಿ ಮಾಡಿಸಿದ್ದು.”

“ಎಲ್ಲಿ ಹೋದದ್ದು?”

“ನಂತೂರಿನಲ್ಲಿ.”

ಆ ಹಿರಿಯರಿಗೆ ಎಲ್ಲ ಅರ್ಥವಾಯಿತು. ನಂತೂರು ಎಂದರೆ ಯಾರಿಗೆ ಅರ್ಥವಾಗುವುದಿಲ್ಲ? ತಲೆಯಾಡಿಸಿ, ಲಾರಿಗೆ ಸಿಕ್ಕಿತಾ ಎಂದರು.

“ಲಾರಿಗೆ ಅಲ್ಲ. ಉಸಿರು ಸಿಕ್ಕಲಿಲ್ಲ.”

ಬಸ್ಸಿನ ಬಾಗಿಲಲ್ಲಿ ನಿಂತಿದ್ದ ನನ್ನ ಗೆಳೆಯ ಆ ಕಡೆ ತಿರುಗಿ ಶಾಲಿನಲ್ಲಿ ಮುಖ ಒರೆಸಿಕೊಳ್ಳತೊಡಗಿದ. ಭುಜ ಕುಲುಕುತ್ತಿದ್ದದ್ದನ್ನು ಕಂಡವರು ಅವನಿಗೂ ಆ ಕೋಣ ಬಹಳ ಬೇಕಾಗಿತ್ತೆಂದು ತಿಳಿದರು. ಹುಡುಗಿಯ ಮಾವನಿಗೂ ಒಂದು ಕಾಲದಲ್ಲಿ ಕೋಣ ಇತ್ತಂತೆ, ಅವರದೂ ಗದ್ದೆಯ ಜತೆಗೇ ಹೋದದ್ದಂತೆ. ಅವರು ತಂಬಿಗೆ ಕೆಳಗಿಟ್ಟು ನಮ್ಮ ಮಾವನ ಎರಡೂ ಕೈ ಹಿಡಿದುಕೊಂಡರು. ಕೋಣಕ್ಕಾಗಿ ಮೀಸೆ ತೆಗೆದ ಯಜಮಾನನನ್ನು ತಾನು ಈವರೆಗೆ ಕಂಡಿಲ್ಲ, ಇಂಥ ಮನೆಗೆ ಹೆಣ್ಣು ಕೊಡಲು ಪುಣ್ಯ ಬೇಕು ಎಂದರು. ನಮ್ಮ ಮಾವ ಈ ಸಲ ಎದ್ದು ಹೋಗಲಿಲ್ಲ. ಹೋಗಿ ತಿರುಗಿಸಲು ಅಲ್ಲಿ ಸೋಡಾ ಯಂತ್ರವೂ ಇರಲಿಲ್ಲ. ಕೈ ಬಿಡಿಸಿಕೊಳ್ಳದೆ ಹಾಗೆಯೇ ನಿಂತರು, ಅವರ ಕಣ್ಣಿಗೆ ಮತ್ತೆ ಧೂಳು ಬಿದ್ದಿತ್ತು. ವಾಲಗ ಪುನಃ ಸುರುವಾಯಿತು.

ಧಾರೆ ಆಯಿತು. ಹಸೆಯ ಮೇಲೆ ಪಕ್ಕದಲ್ಲಿ ಕುಳಿತ ಹುಡುಗಿ ತಲೆ ತಗ್ಗಿಸಿಯೇ ಇದ್ದಳು. ರೇಸಿನ ಸುದ್ದಿಯೂ ಗೇಟಿನಲ್ಲಾಡಿದ ಕೋಣದ ಮಾತೂ ಅವಳ ಕಿವಿಗೆ ಬಿದ್ದಿದ್ದವು. ಎಲ್ಲರೂ ಊಟದ ಗಡಿಬಿಡಿಯಲ್ಲಿದ್ದಾಗ ಕಣ್ಣು ಎತ್ತಿದಳು. ಮೊದಲು ನನ್ನ ಮೀಸೆ ನೋಡಿದಳು, ಆಮೇಲೆ ದೂರದಲ್ಲಿ ಗೆಳೆಯನ ಪಕ್ಕ ಕುಳಿತಿದ್ದ ಮಾವನ ಬೋಳು ತುಟಿ, ಆಮೇಲೆ ಮಡಚಿ ಕುಳಿತ ನನ್ನ ತೊಡೆ. ನನ್ನ ಹೆಂಡತಿ ನನ್ನೊಡನೆ ಆಡಿದ ಮೊದಲ ಮಾತು ಇದು:

“ಆ ಕೋಣ ಈಗ ಬೇಕಾದಷ್ಟು ಉಸಿರು ಬಿಡ್ತಾ ಉಂಟಲ್ಲ?”